ಹಂತಗಳನ್ನು ಬರೆಯದ ಮೇಷ್ಟ್ರು

ಕಳೆದ ತಿಂಗಳು ಶಿರಾದಲ್ಲಿ ಒಂದು ಮದುವೆಗೆ ಹೋಗಿದ್ದಾಗ ಹಳೆಯ ವಿದ್ಯಾರ್ಥಿಯೊಬ್ಬ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಬಂದು ಕುಳಿತು, "ಸಾರ್, ನಿಮ್ಮ ಮನೆಯ ಆ ಸರ್ವರ್ ಇನ್ನೂ ಬದುಕಿದೆಯೇ?" ಎಂದು ಕೇಳಿದ. ಬದುಕಿದೆ ಎಂದೆ. ಆದರೆ ಅದು ಹೇಗೆ ಬದುಕಿತು ಎಂಬುದನ್ನು ಹೋಳಿಗೆ ಮುಗಿಯುವುದರೊಳಗೆ ಹೇಳಿ ಮುಗಿಸಲು ಆಗಲಿಲ್ಲ. ಬರೆದು ಹಾಕುತ್ತೇನೆಂದು ಮಾತು ಕೊಟ್ಟೆ. ಅದರಲ್ಲಿ ನನ್ನ ತಪ್ಪೊಂದರ ಒಪ್ಪಿಗೆಯೂ ಇರುವುದರಿಂದ ಇಷ್ಟು ದಿನ ಕೈ ಹಿಂಜರಿಯುತ್ತಿತ್ತು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳು ತುಮಕೂರಿನ ಆಡಳಿತಕ್ಕೆ ಸೇರಿದ್ದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದವು ಎಂಬುದು ಇಲ್ಲಿ ಓದಿದ ನಿಮಗೆ ತಿಳಿದೇ ಇದೆ. ನನ್ನ ಸೇವೆಯೆಲ್ಲ ಈ ನಾಲ್ಕರಲ್ಲೇ ಕಳೆಯಿತು. ಹೋದ ಕಡೆಯೆಲ್ಲ ಗಣಿತದ ಪ್ರಶ್ನೆಪತ್ರಿಕೆಗಳನ್ನು ಕೂಡಿಡುವ ಚಟ ನನಗೆ. ಪೂರ್ವಸಿದ್ಧತಾ ಪರೀಕ್ಷೆಯವು, ಸ್ಟೆನ್ಸಿಲ್ ಕೊರೆದು ಉರುಳಿಸಿದವು, ಕೈಬರಹದವು, ಹೀಗೆ ಮೂರು ಟ್ರಂಕು ತುಂಬಿದ್ದವು. ಅವನ್ನೆಲ್ಲ ಗಣಕಯಂತ್ರಕ್ಕೆ ಏರಿಸಿ ನಾಲ್ಕೂ ತಾಲ್ಲೂಕಿನ ಮಕ್ಕಳಿಗೆ ಸಿಗುವಂತೆ ಮಾಡೋಣ ಎಂದವನು ನನ್ನೊಬ್ಬ ಹಳೆಯ ವಿದ್ಯಾರ್ಥಿ. 2007ರ ಬೇಸಿಗೆ ರಜೆ. ಆಗ ಅವನು ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದ. ಅವನ ಹೆಸರನ್ನು ಬರೆಯಬಾರದೆಂದು ಅವನೇ ಕೇಳಿಕೊಂಡಿರುವುದರಿಂದ 'ಹುಡುಗ' ಎಂದೇ ಕರೆಯುತ್ತೇನೆ. ಈಗ ಅವನ ಕಿವಿಯ ಬಳಿ ಕೂದಲು ನರೆತಿದ್ದರೂ ನನಗೆ ಅವನು ಹುಡುಗನೇ.

ಯಾರೋ ಬಳಸಿ ಬಿಟ್ಟ ಪೆಂಟಿಯಂ 4 ಯಂತ್ರ, 512 ಎಂಬಿ ಮೆಮೊರಿ. ಅದಕ್ಕೆ ಸ್ಲ್ಯಾಕ್‌ವೇರ್ 11 ಎಂಬ ಲಿನಕ್ಸ್ ಹಾಕಿದೆವು. ಉಳಿದದ್ದನ್ನೆಲ್ಲ, ಅಂದರೆ ಕರ್ನಲ್, ಪುಟಗಳನ್ನು ಬಡಿಸುವ ಅಪಾಚೆ, ಪಿಎಚ್‌ಪಿ, ದತ್ತಾಂಶವನ್ನು ಕಾಯುವ ಮೈಎಸ್‌ಕ್ಯೂಎಲ್, ಗುಪ್ತಲಿಪಿಯ ಓಪನ್‌ಎಸ್‌ಎಸ್‌ಎಲ್, ಇಷ್ಟನ್ನೂ ಮೂಲ ಸಂಕೇತದಿಂದ ನಾವೇ ಕಂಪೈಲ್ ಮಾಡಿದೆವು. ಇದೇನೆಂದು ಕೇಳಿದ ನನ್ನಾಕೆಗೆ ಹುಡುಗ ಹೇಳಿದ: "ಅಮ್ಮ, ಅಂಗಡಿಯಲ್ಲಿ ದೋಸೆಹಿಟ್ಟು ತರುವುದು ಒಂದು. ಅಕ್ಕಿ, ಉದ್ದು ನೆನೆಹಾಕಿ ನಾವೇ ರುಬ್ಬಿಕೊಳ್ಳುವುದು ಇನ್ನೊಂದು. ನಾವು ರುಬ್ಬುತ್ತಿದ್ದೇವೆ." ಬೇಡದ ಭಾಗಗಳನ್ನು ಬಿಟ್ಟು ಬೇಕಾದಷ್ಟನ್ನೇ ರುಬ್ಬಿಕೊಂಡರೆ ಬಡ ಯಂತ್ರವೂ ಚುರುಕಾಗುತ್ತದೆ ಎಂಬುದು ಅವನ ವಾದ. ಒಳಗೇನಿದೆ ಎಂದು ನೋಡುವ ಆಸೆ ಇಬ್ಬರಿಗೂ ಇತ್ತು ಎಂಬುದೇ ನಿಜವಾದ ಕಾರಣ.

ಮಧುಗಿರಿಯ ಆ ಬೇಸಿಗೆಯನ್ನು ಕಂಡವರಿಗೆ ಗೊತ್ತು. ಏಕಶಿಲೆಯ ಬೆಟ್ಟ ಹಗಲೆಲ್ಲ ಕಾದು ರಾತ್ರಿಯೆಲ್ಲ ಬಿಸಿಯುಸಿರು ಬಿಡುತ್ತದೆ. ನಡುವೆ ಕರೆಂಟು ಹೋಗುತ್ತಿತ್ತು. ಆದರೆ 'ಮೇಕ್' ಎಂಬ ಸಾಧನದ ಗುಣವೊಂದು ನನಗೆ ಬಹಳ ಹಿಡಿಸಿತು. ಕರೆಂಟು ಬಂದ ಮೇಲೆ ಮತ್ತೆ ಆಜ್ಞೆ ಕೊಟ್ಟರೆ ಅದು ಮೊದಲಿನಿಂದ ತೊಡಗದೆ, ಮುಗಿದ ಕಡತಗಳನ್ನು ಬಿಟ್ಟು ಉಳಿದವನ್ನಷ್ಟೇ ಎತ್ತಿಕೊಳ್ಳುತ್ತದೆ. ಅರ್ಧಕ್ಕೆ ನಿಂತ ಒಂದು ಕಡತ ಮಾತ್ರ ಕೆಟ್ಟಿರಬಹುದು. ಅದನ್ನು ಹುಡುಕಿ ಅಳಿಸಬೇಕು. ಜ್ವರದಿಂದ ಎದ್ದು ಬಂದ ಮಗುವಿಗೆ ಬಿಟ್ಟ ಪಾಠದಿಂದ ಹೇಳಿಕೊಡುವ ಹಾಗೆ.

ಹತ್ತು ದಿನಗಳಲ್ಲಿ ಸರ್ವರ್ ಎದ್ದು ನಿಂತಿತು. ನನ್ನ ಬಳಿ ಇದ್ದ ಬರಹಗಳೆಲ್ಲ ನುಡಿ ತಂತ್ರಾಂಶದಲ್ಲಿ ಬೆರಳಚ್ಚಾಗಿದ್ದವು. ಹುಡುಗ ಹಟ ಹಿಡಿದು ಎಲ್ಲವನ್ನೂ ಯೂನಿಕೋಡಿಗೆ ತರಿಸಿದ. ಹೊರಡುವ ದಿನ ಯಂತ್ರದ ಮೇಲೆ ಒಂದು ಚೀಟಿ ಅಂಟಿಸಿದ: "ಮುಟ್ಟುವ ಮುನ್ನ ಬರೆದಿಡಿ."

ನಾನು ಆ ಚೀಟಿಯ ಮೊದಲ ಪದವನ್ನಷ್ಟೇ ಓದಿದೆನೆಂದು ಕಾಣುತ್ತದೆ. ಹದಿನಾಲ್ಕು ವರ್ಷ ಯಾರನ್ನೂ ಮುಟ್ಟಗೊಡಲಿಲ್ಲ.

ಸ್ವಂತ ಕೈಯಿಂದ ಕಂಪೈಲ್ ಮಾಡಿದ ಯಂತ್ರಕ್ಕೆ ಒಂದು ತೊಡಕಿದೆ. ಡೆಬಿಯನ್ನಿನಂತಹ ವ್ಯವಸ್ಥೆಯಲ್ಲಿ ಯಾವ ತಂತ್ರಾಂಶ, ಯಾವ ಆವೃತ್ತಿ, ಯಾವುದು ಯಾವುದನ್ನು ಅವಲಂಬಿಸಿದೆ ಎಂಬ ಹಾಜರಿ ಪುಸ್ತಕವನ್ನು ವ್ಯವಸ್ಥೆಯೇ ಇಟ್ಟುಕೊಂಡಿರುತ್ತದೆ. ಲೋಪ ಕಂಡುಬಂದರೆ ತಿದ್ದುಪಡಿ ತಾನಾಗಿ ಬರುತ್ತದೆ. ನಾವೇ ರುಬ್ಬಿದ್ದಕ್ಕೆ ಹಾಜರಿ ಪುಸ್ತಕವಿಲ್ಲ, ನೆನಪೇ ಪುಸ್ತಕ. 2014ರ ಏಪ್ರಿಲಿನಲ್ಲಿ 'ಹಾರ್ಟ್‌ಬ್ಲೀಡ್' ಎಂಬ ಲೋಪ ಬಯಲಾಗಿ ಲೋಕದ ಸರ್ವರುಗಳೆಲ್ಲ ತತ್ತರಿಸಿದಾಗ ನಮ್ಮದಕ್ಕೆ ಏನೂ ಆಗಲಿಲ್ಲ. ಆ ಲೋಪವಿದ್ದದ್ದು ಓಪನ್‌ಎಸ್‌ಎಸ್‌ಎಲ್ 1.0.1ರಲ್ಲಿ, ನಮ್ಮದು ಅದಕ್ಕಿಂತ ಹಳೆಯ 0.9.8. ನಾನು ಹುಡುಗನಿಗೆ ಫೋನು ಮಾಡಿ, "ನೋಡಿದೆಯಾ, ಹಳೆಯದೇ ಗಟ್ಟಿ" ಎಂದು ಬೀಗಿದೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ 'ಶೆಲ್‌ಶಾಕ್' ಬಂತು. ಅದು ಹಳೆಯ ಬ್ಯಾಶ್ ಆವೃತ್ತಿಗಳಲ್ಲೂ ಇದ್ದ ಲೋಪ. ಆಗ ಅವನೇ ರಾತ್ರಿ ಒಂದು ಗಂಟೆಯವರೆಗೆ ಫೋನಿನಲ್ಲಿ ಹೇಳಿ ಹೇಳಿ ನನ್ನ ಕೈಯಿಂದ ಅದನ್ನು ತಿದ್ದಿಸಿದ. "ಸಾರ್, ಇನ್ನು ಇದನ್ನು ಹೊಸದಕ್ಕೆ ದಾಟಿಸೋಣ" ಎಂದ. ನೋಡೋಣ ಎಂದೆ. ಪ್ರತಿ ಯುಗಾದಿಗೆ ಅವನು ಕೇಳುವುದು, ನಾನು ನೋಡೋಣ ಎನ್ನುವುದು ವಾಡಿಕೆಯಾಯಿತು.

ಲಿನಕ್ಸ್ ನನಗೆ ಅಪರಿಚಿತವೇನೂ ಆಗಿರಲಿಲ್ಲ. 2011ರಿಂದ ನಡೆದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ನಮ್ಮಂತಹ ಎಷ್ಟೋ ಪ್ರೌಢಶಾಲಾ ಶಿಕ್ಷಕರು ಉಬುಂಟುವನ್ನೂ ಜಿಯೋಜಿಬ್ರಾವನ್ನೂ ಕಲಿತರು. ಅತ್ತ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಐಟಿ@ಸ್ಕೂಲ್ ಯೋಜನೆಯಲ್ಲಿ ಲಿನಕ್ಸಿನಲ್ಲೇ ಕಲಿಯುತ್ತಿದ್ದರು. ಆದರೂ ನನ್ನ ಮನೆಯ ಮೂಲೆಯ ಯಂತ್ರದ ವಿಷಯ ಬಂದರೆ ಕೈ ನಡುಗುತ್ತಿತ್ತು. ಅದರೊಳಗೆ ಮೂರು ಟ್ರಂಕಿನಷ್ಟು ಬದುಕು ಇತ್ತಲ್ಲ!

2018ರಲ್ಲಿ ನಿವೃತ್ತನಾದೆ. 2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದವು. ಅದೇ ವರ್ಷ ದೊಡ್ಡ ಬ್ರೌಸರುಗಳೆಲ್ಲ ಟಿಎಲ್‌ಎಸ್ 1.0 ಎಂಬ ಹಳೆಯ ಗುಪ್ತಲಿಪಿ ಪದ್ಧತಿಯನ್ನು ಕೈಬಿಟ್ಟವು. ನಮ್ಮ 0.9.8ಕ್ಕೆ ಅದಕ್ಕಿಂತ ಹೊಸದು ಬಾರದು. ಮಕ್ಕಳು ಓದುವ ಪುಟಗಳು ಎಂದಿನಂತೆ ತೆರೆಯುತ್ತಿದ್ದವು; ಆದರೆ ಶಿಕ್ಷಕರು ಪ್ರಶ್ನೆ ಸೇರಿಸಲು, ತಿದ್ದಲು ಒಳಹೋಗುವ ಬಾಗಿಲು ಹೊಸ ಫೋನುಗಳಲ್ಲಿ ತೆರೆಯಲೇ ಇಲ್ಲ. "ಹಳೆಯ ಫೋನು ಬಳಸಿ" ಎಂದು ನಾನು ಉಪದೇಶ ಮಾಡಿದೆ.

2021ರ ಜೂನ್ 4ರಂದು ಸರ್ಕಾರ ದ್ವಿತೀಯ ಪಿಯುಸಿ ಪರೀಕ್ಷೆಯನ್ನು ರದ್ದುಪಡಿಸಿ, ಎಸ್ಸೆಸ್ಸೆಲ್ಸಿಯನ್ನು ಮಾತ್ರ ಸರಳ ರೂಪದಲ್ಲಿ ನಡೆಸುವುದಾಗಿ ಹೇಳಿತು. ಎರಡೇ ದಿನ, ದಿನಕ್ಕೆ ಮೂರು ವಿಷಯ, ವಿಷಯಕ್ಕೆ 40 ಬಹು ಆಯ್ಕೆಯ ಪ್ರಶ್ನೆ, ಓಎಂಆರ್ ಹಾಳೆ. ವರ್ಷವಿಡೀ ತರಗತಿಯನ್ನೇ ಸರಿಯಾಗಿ ಕಾಣದ ಮಕ್ಕಳು, ಎಂದೂ ಬರೆದಿಲ್ಲದ ಮಾದರಿಯ ಪರೀಕ್ಷೆ. ನಮ್ಮ ಭಂಡಾರದಲ್ಲಿದ್ದ ಪ್ರಶ್ನೆಗಳನ್ನೆಲ್ಲ ಬಹು ಆಯ್ಕೆಗೆ ತಿರುಗಿಸಲು ನಾಲ್ಕೂ ತಾಲ್ಲೂಕಿನ ಶಿಕ್ಷಕ ಮಿತ್ರರು ಮುಂದೆ ಬಂದರು. ಆದರೆ ಅವರಿಗೆ ಒಳಹೋಗಲು ಬಾಗಿಲಿಲ್ಲ. ಅದೇ ವಾರ ಯಂತ್ರದ ಡಿಸ್ಕಿನಿಂದ ಟಿಕ್ ಟಿಕ್ ಎಂಬ ಸದ್ದು ಕೇಳತೊಡಗಿತು.

ಪಾವಗಡ ತಾಲ್ಲೂಕಿನ ಶಿಕ್ಷಕಿಯೊಬ್ಬರು ಫೋನಿನಲ್ಲಿ ಹೇಳಿದ ಒಂದು ಮಾತು ನನ್ನನ್ನು ಎಬ್ಬಿಸಿತು. ತಿರುಮಣಿಯ ಕಡೆಯ ಒಂದು ಹಳ್ಳಿಯ ಹುಡುಗಿ. ಅಲ್ಲೇ ಪಕ್ಕದಲ್ಲಿ 2050 ಮೆಗಾವ್ಯಾಟಿನ ಸೌರ ವಿದ್ಯುತ್ ಪಾರ್ಕು. ತಂದೆ ಕೆಲಸ ಮುಗಿಸಿ ಮನೆಗೆ ಬಂದ ಮೇಲೆ, ರಾತ್ರಿ ಎಂಟರಿಂದ ಹತ್ತರವರೆಗೆ ಮಾತ್ರ ಆ ಮಗುವಿನ ಕೈಗೆ ಫೋನು. ಆ ಎರಡು ಗಂಟೆಯಲ್ಲಿ ನಮ್ಮ ಪುಟ ತೆರೆದು ನೋಟುಬುಕ್ಕಿಗೆ ಇಳಿಸಿಕೊಳ್ಳುತ್ತಾಳೆ. "ದಯವಿಟ್ಟು ಆ ಹೊತ್ತಿನಲ್ಲಿ ಮಾತ್ರ ನಿಲ್ಲಿಸಬೇಡಿ ಸಾರ್" ಎಂದರು.

ನಾನು ಹುಡುಗನಿಗೆ ಫೋನು ಮಾಡಿದೆ. ಬೆಂಗಳೂರಿನ ಕೆಲಸವನ್ನು ಅವನು ಆಗ ಶಿರಾ ತಾಲ್ಲೂಕಿನ ತನ್ನ ಹಳ್ಳಿಯಿಂದಲೇ ಮಾಡುತ್ತಿದ್ದ. "ದಾಟಿಸೋಣಪ್ಪ" ಎಂದೆ. ಏಳು ವರ್ಷ ತಡವಾಯಿತೆಂದು ಅವನು ಹೇಳಲಿಲ್ಲ. ಮೂರು ನಿಯಮ ಹೇಳಿದ. ಹಳೆಯದನ್ನು ಮುಟ್ಟದೆ ಪಕ್ಕದಲ್ಲಿ ಹೊಸದನ್ನು ಕಟ್ಟುವುದು. ನಿಜವಾದ ದಾಟುವಿಕೆಗೆ ಮುನ್ನ ಎರಡು ಬಾರಿ ತಾಲೀಮು ಮಾಡುವುದು. ಏನೇ ಆದರೂ ಹಿಂದಿರುಗುವ ದಾರಿಯನ್ನು ಮುಚ್ಚದಿರುವುದು.

ಮಗ ಬಿಟ್ಟುಹೋಗಿದ್ದ ಗಣಕಯಂತ್ರವೊಂದು ಅಟ್ಟದಲ್ಲಿತ್ತು. ಅದಕ್ಕೆ ಡೆಬಿಯನ್ 10 ಹಾಕಿದೆ. ಈ ಬಾರಿ ರುಬ್ಬಲಿಲ್ಲ, ಅಂಗಡಿಯ ಹಿಟ್ಟೇ. ಇನ್ನು ಹಳೆಯ ಯಂತ್ರದಲ್ಲಿ ಏನೇನಿದೆ, ಯಾವ ಆಯ್ಕೆಗಳೊಂದಿಗೆ ಕಟ್ಟಿದ್ದೆವು ಎಂದು ತಿಳಿಯಬೇಕಿತ್ತು. ಪಿಎಚ್‌ಪಿಯನ್ನೇ ಕೇಳಿದರೆ ತನ್ನನ್ನು ಕಟ್ಟಿದ ಆಜ್ಞೆಯನ್ನು ಅದು ಹೇಳುತ್ತದೆ. ಉಳಿದವಕ್ಕಾಗಿ ಮೂಲ ಸಂಕೇತವಿದ್ದ ಕಡತಕೋಶವನ್ನು ಕೆದಕುತ್ತಿದ್ದಾಗ 'ಹಂತಗಳು' ಎಂಬ ಹೆಸರಿನ ಒಂದು ಕಡತ ಸಿಕ್ಕಿತು. 2007ರ ಮೇ ತಿಂಗಳದು. ಹುಡುಗ ಅಂದು ಕೊಟ್ಟ ಪ್ರತಿಯೊಂದು ಆಜ್ಞೆಯನ್ನೂ ಕ್ರಮಸಂಖ್ಯೆ ಹಾಕಿ, ಪ್ರತಿಯೊಂದರ ಕೆಳಗೆ 'ಏಕೆಂದರೆ' ಎಂದು ಕಾರಣ ಬರೆದಿಟ್ಟಿದ್ದ.

ಇಲ್ಲಿ ಒಂದು ಹಿಂದಿನ ಕಥೆ ಹೇಳಬೇಕು. 2003ರ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಈ ಹುಡುಗನಿಗೆ ನಾನು ಎರಡು ಅಂಕ ಕತ್ತರಿಸಿದ್ದೆ. ಉತ್ತರ ಸರಿಯಿತ್ತು, ಹಂತಗಳಿರಲಿಲ್ಲ. "ಸಾರ್, ಮನಸ್ಸಿನಲ್ಲೇ ಮಾಡಿದೆ" ಎಂದ. "ನಿನ್ನ ಮನಸ್ಸನ್ನು ನಾನು ತಿದ್ದಲಾರೆ, ಹಾಳೆಯನ್ನು ಮಾತ್ರ ತಿದ್ದಬಲ್ಲೆ" ಎಂದು ಇಡೀ ತರಗತಿಯ ಮುಂದೆ ಹೇಳಿದ್ದೆ. ಅವನು ತಲೆ ತಗ್ಗಿಸಿದ್ದು ನೆನಪಿದೆ. ನಾಲ್ಕು ವರ್ಷದ ಬಳಿಕ ಆ ಕಡತದಲ್ಲಿ ಅವನು ಒಂದು ಹಂತವನ್ನೂ ಬಿಟ್ಟಿರಲಿಲ್ಲ.

ಕಡತ 2007ರ ಮೇ ತಿಂಗಳಿಗೆ ಮುಗಿಯುತ್ತಿತ್ತು. ಆಮೇಲಿನ ಬದಲಾವಣೆಗಳನ್ನೆಲ್ಲ ಮಾಡಿದವನು ನಾನು. ಅವನ್ನು ಎಲ್ಲಿಯೂ ಬರೆದಿರಲಿಲ್ಲ.

ಮೊದಲ ತಾಲೀಮು ಜೂನ್ ಕೊನೆಯ ವಾರ. ಹಳೆಯ ಪಿಎಚ್‌ಪಿ ದತ್ತಾಂಶದೊಡನೆ ಮಾತಾಡುತ್ತಿದ್ದ ರೀತಿಯನ್ನು 7ನೆಯ ಆವೃತ್ತಿಯಲ್ಲಿ ತೆಗೆದುಹಾಕಿದ್ದರಿಂದ ಮೂವತ್ತೊಂದು ಕಡತಗಳನ್ನು ತಿದ್ದಬೇಕಾಯಿತು; ಅದನ್ನು ಇಬ್ಬರೂ ಹಂಚಿಕೊಂಡೆವು. ಬಳಿಕ ದತ್ತಾಂಶವನ್ನು ಹಳೆಯದರಿಂದ ಇಳಿಸಿ ಹೊಸ ಮರಿಯಾಡಿಬಿಗೆ ಏರಿಸಿದೆವು. ಪುಟ ತೆರೆದೆ. ಅರ್ಧದಷ್ಟು ಪ್ರಶ್ನೆಗಳು ಅಚ್ಚುಕಟ್ಟಾಗಿದ್ದವು. ಉಳಿದರ್ಧದಲ್ಲಿ ಒಂದೂ ಕನ್ನಡ ಅಕ್ಷರವಿಲ್ಲ. ಸಾಲು ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು! ಪ್ರಶ್ನೆಗಳ ಭಂಡಾರದಲ್ಲಿ ಬರೀ ಪ್ರಶ್ನೆಯ ಗುರುತು. ನಗಬೇಕಾದ ಸಂಗತಿ, ನನಗೆ ಮಾತ್ರ ಎದೆ ಧಸಕ್ಕೆಂದಿತು.

ಕಾರಣ ಹೀಗಿತ್ತು. 2007ರಲ್ಲಿ ಮೈಎಸ್‌ಕ್ಯೂಎಲ್ ತಾನಾಗಿ ಆರಿಸಿಕೊಳ್ಳುತ್ತಿದ್ದ ಲಿಪಿ ಸಂಕೇತ ಲ್ಯಾಟಿನ್-1, ಐರೋಪ್ಯ ಅಕ್ಷರಗಳದು. ಯೂನಿಕೋಡಿನ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕು. ನಮ್ಮ ಹಳೆಯ ಕೋಷ್ಟಕಗಳು ಆ ಬೈಟುಗಳನ್ನು ಕನ್ನಡವೆಂದು ಅರಿಯದೆಯೇ, ಬೀಗ ಹಾಕಿದ ಪೆಟ್ಟಿಗೆಯಂತೆ ಇದ್ದಂತೆಯೇ ಇಟ್ಟುಕೊಂಡಿದ್ದವು. ಕೊಟ್ಟಂತೆಯೇ ಹಿಂದಿರುಗಿಸುತ್ತಿದ್ದುದರಿಂದ ತೊಂದರೆ ಕಂಡಿರಲಿಲ್ಲ. ಅಂತಹವನ್ನು ಲ್ಯಾಟಿನ್-1 ಎಂದೇ ಹೇಳಿ ಇಳಿಸಬೇಕು. ಹುಡುಗನ ಕಡತದಲ್ಲಿ ಹಾಗೆಂದೇ ಇತ್ತು, ಹಾಗೆಯೇ ಇಳಿಸಿದೆವು. ಆದರೆ ಕೆಲವು ಕೋಷ್ಟಕಗಳು ನಿಜವಾಗಿಯೂ ಯುಟಿಎಫ್-8 ಆಗಿದ್ದವು. ಅವನ್ನು ಲ್ಯಾಟಿನ್-1ಕ್ಕೆ ಪರಿವರ್ತಿಸಲು ಹೋದರೆ ಅಲ್ಲಿ ಕನ್ನಡಕ್ಕೆ ಜಾಗವಿಲ್ಲವಲ್ಲ, ಪ್ರತಿ ಅಕ್ಷರವೂ ಪ್ರಶ್ನಾರ್ಥಕವಾಗಿ ಬೀಳುತ್ತದೆ.

"ಸಾರ್, ಈ ಕೋಷ್ಟಕಗಳನ್ನು ಯಾರು ಮಾಡಿದ್ದು?" ಎಂದು ಹುಡುಗ ಕೇಳಿದ.

ನಾನೇ. 2009ರಲ್ಲಿ ಎಲ್ಲೋ ಓದಿ, ಇನ್ನು ಮುಂದೆ ಹೀಗೆ ಮಾಡುವುದೇ ಸರಿಯೆಂದು ಹೊಸ ಕೋಷ್ಟಕಗಳನ್ನು ಆ ರೀತಿ ಕಟ್ಟಿದ್ದೆ. ಮಾಡಿದ್ದು ಸರಿಯೇ ಇತ್ತು. ಆದರೆ ಹಂತ ಬರೆದಿರಲಿಲ್ಲ, ಕಾರಣವನ್ನೂ ಬರೆದಿರಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ!

ಹುಡುಗ ಒಂದು ಕ್ಷಣ ಸುಮ್ಮನಿದ್ದು, "ಪರವಾಗಿಲ್ಲ ಬಿಡಿ ಸಾರ್, ತಾಲೀಮಿನಲ್ಲೇ ಸಿಕ್ಕಿತಲ್ಲ" ಎಂದ. ಅವನು ಆ ಎರಡು ಅಂಕದ ಮಾತನ್ನು ಎತ್ತಿದ್ದರೆ ನನಗೆ ಹಗುರಾಗುತ್ತಿತ್ತು. ಎತ್ತಲಿಲ್ಲ.

ಕೋಷ್ಟಕಗಳನ್ನು ಎರಡು ಗುಂಪು ಮಾಡಿ ಬೇರೆಬೇರೆಯಾಗಿ ಇಳಿಸಿ ಏರಿಸಿದೆವು. ಎರಡನೆಯ ತಾಲೀಮಿನಲ್ಲಿ ಪ್ರತಿ ಐವತ್ತಕ್ಕೆ ಒಂದು ಪ್ರಶ್ನೆಯನ್ನು ನಾನು ಹಳೆಯ ಪುಟದೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿದೆ, ಒತ್ತಕ್ಷರ, ಅರ್ಕಾವತ್ತು ಎಲ್ಲವನ್ನೂ. ನನ್ನಾಕೆ ಓದುವುದು, ನಾನು ಗುರುತು ಹಾಕುವುದು. ಹಳೆಯ ಕಾಲದ ಮೌಲ್ಯಮಾಪನ ಕೇಂದ್ರದಂತಾಗಿತ್ತು ಮನೆ.

ದಾಟುವ ಮುಹೂರ್ತಕ್ಕೆ ಪಂಚಾಂಗ ನೋಡಲಿಲ್ಲ. ಅಪಾಚೆಯ ದಾಖಲೆಯನ್ನು ನೋಡಿದೆವು. ನಡುರಾತ್ರಿ ಹನ್ನೆರಡರಲ್ಲೂ ಮಕ್ಕಳು ಓದುತ್ತಿದ್ದರು, ಬೆಳಿಗ್ಗೆ ಐದಕ್ಕೆ ಮತ್ತೆ ಶುರು. ಮೂರರಿಂದ ನಾಲ್ಕರ ನಡುವೆ ಮಾತ್ರ ನಿಶ್ಶಬ್ದ. ಜುಲೈ 4, ಭಾನುವಾರ, ಬೆಳಗಿನ ಜಾವ ಮೂರಕ್ಕೆ ಎದ್ದೆ. ಕಡತಗಳನ್ನು ಹಿಂದಿನ ರಾತ್ರಿಯೇ ಆರ್‌ಸಿಂಕ್ ಮೂಲಕ ನಕಲು ಮಾಡಿಯಾಗಿತ್ತು; ಈಗ ಅದು ಬದಲಾದದ್ದನ್ನಷ್ಟೇ ದಾಟಿಸಿತು. ಹಳೆಯದರಲ್ಲಿ ಬರೆಯುವುದನ್ನು ನಿಲ್ಲಿಸಿದೆವು, ಓದುವುದು ನಡೆದೇ ಇತ್ತು. ಕೊನೆಯ ಬಾರಿ ದತ್ತಾಂಶ ಇಳಿಸಿ, ಏರಿಸಿ, ಎಣಿಕೆ ತಾಳೆ ನೋಡಿ, ರೌಟರಿನಲ್ಲಿ ಹೊರಗಿನಿಂದ ಬರುವ ದಾರಿಯನ್ನು ಹೊಸ ಯಂತ್ರದತ್ತ ತಿರುಗಿಸಿದೆ. ಫೋನಿನ ವೈಫೈ ಆರಿಸಿ, ಹೊರಗಿನವನಂತೆ ಮೊಬೈಲ್ ಡೇಟಾದಲ್ಲಿ ಪುಟ ತೆರೆದೆ. ತೆರೆಯಿತು. ಅಕ್ಷರಗಳು ಅಕ್ಷರಗಳಾಗಿಯೇ ಇದ್ದವು. ಪ್ರಮಾಣಪತ್ರ ಪಡೆದು ಶಿಕ್ಷಕರ ಬಾಗಿಲನ್ನೂ ತೆರೆದೆವು. ಓದುವವರಿಗೆ ಒಂದು ನಿಮಿಷವೂ ನಿಲ್ಲಲಿಲ್ಲ. ಬರೆಯುವವರಿಗೆ ಅರ್ಧ ಗಂಟೆ ಎಂದುಕೊಂಡದ್ದು ಐವತ್ತೆರಡು ನಿಮಿಷವಾಯಿತು. ಕೋಳಿ ಕೂಗುವ ಹೊತ್ತಿಗೆ ನನ್ನಾಕೆ ಕಾಫಿ ತಂದು, "ಮಗು ಯಾವುದು ರೀ?" ಎಂದಳು.

ಎಲ್ಲವೂ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಎರಡು ದಿನದ ಮೇಲೆ ನೋಡಿದರೆ ಹೊಸ ಯಂತ್ರದಲ್ಲಿ ರಾತ್ರಿಯ ಬ್ಯಾಕಪ್ ನಡೆಯುತ್ತಲೇ ಇಲ್ಲ. 2011ರಲ್ಲಿ ನಾನು ಹಾಕಿ ಮರೆತಿದ್ದ ಇನ್ನೊಂದು ಬರೆಯದ ಹಂತ. ಪುಣ್ಯಕ್ಕೆ ಏನೂ ಕಳೆದಿರಲಿಲ್ಲ.

ಜುಲೈ 8ರ ರಾತ್ರಿ ಪಾವಗಡದ ಆ ಶಿಕ್ಷಕಿ ಒಂದು ಸಂದೇಶ ಕಳಿಸಿದರು. ಆ ಹುಡುಗಿ ಬರೆದ ನೋಟುಬುಕ್ಕಿನ ಹಾಳೆಯ ಚಿತ್ರ. ನಮ್ಮ ಭಂಡಾರದಲ್ಲಿ 3, 8, 13... ಎಂಬ ಸಮಾಂತರ ಶ್ರೇಢಿಯ ಹತ್ತನೆಯ ಪದ 53 ಎಂದು ಉತ್ತರವಿತ್ತು. ಅವಳು ಬರೆದಿದ್ದಳು: ಮೊದಲ ಪದ 3. ಸಾಮಾನ್ಯ ವ್ಯತ್ಯಾಸ 5. ಹತ್ತನೆಯ ಪದಕ್ಕೆ ಬರಲು ಒಂಬತ್ತು ಸಲ ಮಾತ್ರ 5 ಕೂಡಿಸಬೇಕು. 3 + 45 = 48. ಕೆಳಗೆ, "ನನ್ನದು ತಪ್ಪಿದ್ದರೆ ಎಲ್ಲಿ ತಪ್ಪಿದೆ ಹೇಳಿ ಸಾರ್."

ಅವಳದು ತಪ್ಪಿರಲಿಲ್ಲ. ಆ ಉತ್ತರವನ್ನು ಏರಿಸಿದವನು ನಾನು, 2012ರಲ್ಲಿ. ಮನಸ್ಸಿನಲ್ಲೇ ಮಾಡಿದ್ದೆ. ಒಂಬತ್ತು ವರ್ಷ ನಾಲ್ಕು ತಾಲ್ಲೂಕಿನ ಎಷ್ಟು ಮಕ್ಕಳು ಅದನ್ನು ನಂಬಿ ಬರೆದುಕೊಂಡರೋ! ಓಎಂಆರ್ ಹಾಳೆಯಲ್ಲಿ ಒಂದು ವೃತ್ತ ತುಂಬಿದರೆ ಸಾಕಾಗಿದ್ದ ಪರೀಕ್ಷೆಗೆ ಓದುತ್ತಿದ್ದ ಆ ಮಗು ಹಂತ ಬರೆದದ್ದರಿಂದ ತಪ್ಪು ಸಿಕ್ಕಿತು. ಆಗಲೇ ಫೋನಿನಿಂದ ಒಳಹೊಕ್ಕು 48 ಎಂದು ತಿದ್ದಿದೆ; ರಾತ್ರಿ ಹತ್ತು ಗಂಟೆಯೊಳಗೆ, ಫೋನು ಅವಳ ಕೈಯಲ್ಲಿರುವಾಗಲೇ.

ಜುಲೈ 19 ಮತ್ತು 22ರಂದು ಪರೀಕ್ಷೆ ನಡೆಯಿತು. ಆ ವರ್ಷ ರಾಜ್ಯದಲ್ಲಿ ಹೆಚ್ಚುಕಡಿಮೆ ಎಲ್ಲರೂ ತೇರ್ಗಡೆಯಾದ್ದರಿಂದ ನಮ್ಮ ಸರ್ವರಿನ ಹಿರಿಮೆಯನ್ನೇನೂ ಹೇಳಿಕೊಳ್ಳುವಂತಿಲ್ಲ. ಆ ಹುಡುಗಿಯೂ ತೇರ್ಗಡೆಯಾದಳು. ಹಳೆಯ ಯಂತ್ರವನ್ನು ಪರೀಕ್ಷೆ ಮುಗಿಯುವವರೆಗೂ ಆರಿಸಲಿಲ್ಲ. ಹಿಂದಿರುಗುವ ದಾರಿ ಇರಬೇಕಲ್ಲ. ಕೊನೆಗೆ ಆರಿಸಿದ ದಿನ ಮನೆ ಬಹಳ ಮೌನವಾಗಿತ್ತು.

ಈಗ ಯಂತ್ರದ ಪಕ್ಕದಲ್ಲಿ ದಾರ ಕಟ್ಟಿದ ಪೆನ್ನಿನೊಡನೆ ಒಂದು ಇನ್ನೂರು ಪುಟದ ನೋಟುಬುಕ್ಕಿದೆ. ತಾರೀಕು, ಹಂತ, 'ಏಕೆಂದರೆ'. 2023ರಲ್ಲಿ ಡೆಬಿಯನ್ 12 ಬಂದ ಮೇಲೆ ಅದನ್ನು ನೋಡಿಕೊಂಡು ನಾನೊಬ್ಬನೇ ಒಂದು ಸಂಜೆಯಲ್ಲಿ ದಾಟಿಸಿದೆ. ಮೊದಲ ಪುಟದಲ್ಲಿ ಹುಡುಗನ 'ಹಂತಗಳು' ಕಡತದ ಅಚ್ಚುಪ್ರತಿ ಅಂಟಿಸಿದ್ದೇನೆ. ಅದರ ಮೂಲೆಯಲ್ಲಿ ಕೆಂಪು ಶಾಯಿಯಿಂದ +2 ಎಂದು ಬರೆದು, ಚಿತ್ರ ತೆಗೆದು ಅವನಿಗೆ ಕಳಿಸಿದೆ. "ಹದಿನೆಂಟು ವರ್ಷ ತಡವಾಯಿತು ಸಾರ್" ಎಂದು ಉತ್ತರ ಬಂತು.

ಹಂತ ಬರೆಯಲಿಲ್ಲವೆಂದು ನನ್ನಿಂದ ಅಂಕ ಕಳೆದುಕೊಂಡವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಕತ್ತರಿಸಿದ್ದು ಸರಿ ಎಂದೇ ಇಂದಿಗೂ ಹೇಳುತ್ತೇನೆ. ನನ್ನ ಅಂಕವನ್ನೂ ನೀವು ಕತ್ತರಿಸಬಹುದು.